ಭೂಗರ್ಭದ ಶಾಖ: ಒಂದೇ ಒಲೆ, ಎರಡು ಕೆಲಸ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಇತಿಹಾಸವನ್ನೂ ಗುರುಹಿರಿಯರ ಸ್ಮರಣೆಯನ್ನೂ ಬರೆಯಲು ನನಗಿಂತ ಸಮರ್ಥರಾದವರು ಅನೇಕರಿದ್ದಾರೆಂದು ಅರಿಕೆ ಮಾಡಿಕೊಂಡು, ವಿಜ್ಞಾನದ ಒಂದು ವಿಷಯವನ್ನು ಆರಿಸಿಕೊಂಡೆ. ಅದಕ್ಕೆ ಕಾರಣವೂ ಇದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲದ ಕಡೆ ಒಕ್ಕಲುತನ ಮಾಡಿಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಭೇಟಿಯಾದಾಗಲೆಲ್ಲ ಈಚೆಗೆ ಒಂದು ಪ್ರಶ್ನೆ ಕೇಳುತ್ತಾರೆ: “ಗುರುಗಳೇ, ಚಳಿಗಾಲದ ಬೆಳಗಿನಲ್ಲಿ ನಮ್ಮ ಬೋರಿನ ನೀರು ಬೆಚ್ಚಗೆ ಬರುತ್ತದೆ. ಇನ್ನೂ ಆಳಕ್ಕೆ ಕೊರೆಸಿದರೆ ಅದರಿಂದ ಕರೆಂಟು ತೆಗೆಯಬಹುದಂತೆ, ಹೌದೇ?” 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಭೂಶಾಖದ ಬಗೆಗೆ ಒಂದು ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿದ ಮೇಲೆ ಈ ಪ್ರಶ್ನೆ ಹೆಚ್ಚಾಗಿದೆ. ಕೊಳವೆಬಾವಿಯ ಒಂದೊಂದು ನೂರು ಅಡಿಗೂ ಸಾಲದ ಲೆಕ್ಕ ಬರೆಯುವ ಈ ಸೀಮೆಯಲ್ಲಿ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಆದ್ದರಿಂದ ನನಗೆ ತಿಳಿದಷ್ಟನ್ನು, ತರಗತಿಯಲ್ಲಿ ಹೇಳುತ್ತಿದ್ದ ರೀತಿಯಲ್ಲಿಯೇ ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ‘ಸಂಯುಕ್ತ ಶಾಖ-ವಿದ್ಯುತ್ ಉತ್ಪಾದನೆ’ ಎಂಬ ದೊಡ್ಡ ಮಾತಿನ ಅರ್ಥವನ್ನು ನೋಡೋಣ. ಅಡಿಗೆ ಅನಿಲದ ಸಿಲಿಂಡರು ಬರುವುದಕ್ಕೆ ಮುಂಚೆ ನಮ್ಮ ಮನೆಗಳಲ್ಲಿ ಮಣ್ಣಿನ ಒಲೆಯಿತ್ತು. ಅದಕ್ಕೆ ಅಂಟಿಕೊಂಡಂತೆ ಒಂದು ಕೋಡೊಲೆಯಿತ್ತು. ಕಟ್ಟಿಗೆಯನ್ನು ಹಾಕುತ್ತಿದ್ದುದು ಮುಖ್ಯ ಒಲೆಗೆ ಮಾತ್ರ. ಅಲ್ಲಿ ಹಂಚಿನ ಮೇಲೆ ರೊಟ್ಟಿ ಬೇಯುತ್ತಿರುವಾಗ, ವ್ಯರ್ಥವಾಗಿ ಹೊರಗೆ ಹೋಗಬೇಕಾಗಿದ್ದ ಉರಿ ಒಳದಾರಿಯಿಂದ ಕೋಡೊಲೆಗೆ ಸರಿದು, ಅದರ ಮೇಲಿನ ಗಡಿಗೆಯಲ್ಲಿ ತೊಗರಿಬೇಳೆಯನ್ನು ಬೇಯಿಸುತ್ತಿತ್ತು. ಕಟ್ಟಿಗೆ ಒಂದೇ, ಕೆಲಸ ಎರಡು. ಹೆಚ್ಚು ಉರಿ ಬೇಕಾದ ಕೆಲಸ ಮೊದಲು, ಕಡಿಮೆ ಉರಿ ಸಾಕಾದ ಕೆಲಸ ಅನಂತರ. ನಮ್ಮ ತಾಯಂದಿರು ದಿನನಿತ್ಯ ಮಾಡುತ್ತಿದ್ದ ಈ ಕೆಲಸವನ್ನೇ ಎಂಜಿನಿಯರರು ಯಂತ್ರಗಳಿಂದ ಮಾಡಿಸುತ್ತಾರೆ: ಶಾಖದಿಂದ ಮೊದಲು ವಿದ್ಯುತ್ತು, ಉಳಿದ ಶಾಖದಿಂದ ಬಿಸಿನೀರು ಅಥವಾ ಬಿಸಿಗಾಳಿ.

ಹೀಗೆ ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಮಕ್ತಲ್ ಕಡೆಯಿಂದ ರಾಯಚೂರಿಗೆ ಹೋಗುವಾಗ ಕೃಷ್ಣೆಯ ಆಚೆ ದಡದಲ್ಲಿ ಶಕ್ತಿನಗರದ ಚಿಮಣಿಗಳು ಕಾಣಿಸುತ್ತವೆ. ರಾಯಚೂರು ಉಷ್ಣ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಮುಂದೆ ಎಂಟು ಘಟಕಗಳಾಗಿ ಬೆಳೆದು ಒಟ್ಟು 1720 ಮೆಗಾವ್ಯಾಟ್ ಸಾಮರ್ಥ್ಯವನ್ನು ಪಡೆಯಿತು. ಇಂಥ ಕೇಂದ್ರದಲ್ಲಿ ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ಸರಿಸುಮಾರು ಮೂರರಲ್ಲೊಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಮಿಕ್ಕ ಎರಡು ಪಾಲು ಚಿಮಣಿಯ ಹೊಗೆಯೊಡನೆಯೂ ಹಬೆಯನ್ನು ತಣಿಸುವ ನೀರಿನೊಡನೆಯೂ ಹೊರಟುಹೋಗುತ್ತದೆ. ಇದು ಅಲ್ಲಿಯವರ ಅಜಾಗರೂಕತೆಯೆಂದು ಯಾರೂ ಭಾವಿಸಬಾರದು. ವಿದ್ಯುತ್ತನ್ನು ತಂತಿಯ ಮೂಲಕ ನೂರಾರು ಮೈಲಿ ಸಾಗಿಸಬಹುದು. ಬಿಸಿನೀರನ್ನು ಕೆಲವು ಮೈಲಿಗಳಾಚೆಗೆ ಒಯ್ಯುವುದು ಕಷ್ಟ, ದಾರಿಯಲ್ಲೇ ತಣ್ಣಗಾಗುತ್ತದೆ. ಅಷ್ಟು ಅಗಾಧವಾದ ಶಾಖವನ್ನು ಸಮೀಪದಲ್ಲಿಯೇ ಬಳಸಿಕೊಳ್ಳುವವರು ಯಾರಿದ್ದಾರೆ? ಸಣ್ಣ ಪ್ರಮಾಣದ ಘಟಕಗಳ ವೈಶಿಷ್ಟ್ಯ ಇರುವುದು ಇಲ್ಲಿಯೇ. ಶಾಖ ಬೇಕಾದವನ ಬಾಗಿಲಲ್ಲಿಯೇ ಅವನ್ನು ನಿಲ್ಲಿಸಬಹುದು. ಕರ್ನಾಟಕದ ಅನೇಕ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ಸುಟ್ಟು, ಅದರ ಹಬೆಯಿಂದ ಮೊದಲು ವಿದ್ಯುತ್ತು ತೆಗೆದು, ಉಳಿದ ಹಬೆಯಿಂದ ರಸ ಕಾಯಿಸುವುದು ಇದೇ ಕ್ರಮದಲ್ಲಿ.

ಇನ್ನು ಭೂಮಿಯ ಒಳಗಿನ ಶಾಖ. ಭೂಮಿ ಹುಟ್ಟಿದಾಗಿನ ಬಿಸಿ ಒಡಲಿನಲ್ಲಿ ಇನ್ನೂ ಉಳಿದಿದೆ. ಇದರ ಜೊತೆಗೆ ಶಿಲೆಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಧಾತುಗಳು ಸದಾ ಕ್ಷಯಿಸುತ್ತ ಶಾಖವನ್ನು ಬಿಡುತ್ತಿರುತ್ತವೆ. ಹೀಗಾಗಿ ಆಳಕ್ಕೆ ಹೋದಂತೆಲ್ಲ ಉಷ್ಣತೆ ಏರುತ್ತದೆ. ಜಗತ್ತಿನ ಸಾಮಾನ್ಯ ನೆಲದಲ್ಲಿ ಒಂದು ಕಿಲೋಮೀಟರ್ ಇಳಿದರೆ 25ರಿಂದ 30 ಡಿಗ್ರಿಯಷ್ಟು ಏರಿಕೆಯಾಗುತ್ತದೆಂದು ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ಆದರೆ ನೆಲ ಎಲ್ಲ ಕಡೆಗೂ ಒಂದೇ ಅಲ್ಲ.

ಇದನ್ನು ಕನ್ನಡ ನಾಡಿನ ಜನ ಕೈಯಿಂದ ಮುಟ್ಟಿ ನೋಡಿದ ಸ್ಥಳವೊಂದಿದೆ: ಕೋಲಾರದ ಚಿನ್ನದ ಗಣಿ. ಅಲ್ಲಿಯ ಚಾಂಪಿಯನ್ ರೀಫ್ ಗಣಿ ನೆಲದಿಂದ ಸುಮಾರು 3.2 ಕಿಲೋಮೀಟರ್ ಕೆಳಗಿಳಿದು, ಜಗತ್ತಿನ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆನಿಸಿತ್ತು. ತಳದ ಬಂಡೆ 65 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚು ಬಿಸಿಯಾಗಿತ್ತು. ಯಂತ್ರಗಳಿಂದ ತಂಪುಗೊಳಿಸಿದ ಗಾಳಿಯನ್ನು ಕೆಳಗೆ ಕಳುಹಿಸದೆ ಅಲ್ಲಿ ಮನುಷ್ಯನು ದುಡಿಯುವಂತಿರಲಿಲ್ಲ. 2001ರ ಫೆಬ್ರವರಿ 28ರಂದು ಆ ಗಣಿಗಳು ಮುಚ್ಚಿದವು. ಓದುಗರು ಒಂದು ಲೆಕ್ಕ ಮಾಡಬೇಕು. ಮೇಲಿನ ನೆಲ 27-28 ಡಿಗ್ರಿ, ಮೂರು ಕಿಲೋಮೀಟರಿಗೂ ಹೆಚ್ಚು ಇಳಿದ ಮೇಲೆ 65ರಿಂದ 70 ಡಿಗ್ರಿ. ಎಂದರೆ ಒಂದು ಕಿಲೋಮೀಟರಿಗೆ ಬರೀ 12-13 ಡಿಗ್ರಿಯ ಏರಿಕೆ; ಪುಸ್ತಕದಲ್ಲಿ ಹೇಳಿದ್ದರ ಅರ್ಧ. ಗಣಿ ಬಿಸಿಯಾಗಿದ್ದುದು ನೆಲ ಬಿಸಿಯಾಗಿದ್ದರಿಂದಲ್ಲ, ಗಣಿ ಅಷ್ಟು ಆಳವಾಗಿದ್ದರಿಂದ.

ಕೋಲಾರದಿಂದ ರಾಯಚೂರು, ಗದ್ವಾಲ, ಮಕ್ತಲ್, ನಾರಾಯಣಪೇಟೆಯವರೆಗೆ ಹಬ್ಬಿರುವುದು ಒಂದೇ ಜಾತಿಯ ಅತಿ ಪುರಾತನ ನೆಲ. ನಮ್ಮ ಊರುಗಳ ಸುತ್ತ ಕಾಣುವ ದುಂಡು ಕಲ್ಲುಗುಡ್ಡಗಳೂ, ಭೂವಿಜ್ಞಾನಿಗಳು ಗದ್ವಾಲದ ಹೆಸರಿನಿಂದಲೇ ಕರೆಯುವ ಶಿಲಾಪಟ್ಟಿಯೂ 250 ಕೋಟಿ ವರ್ಷಗಳಷ್ಟು, ಅದಕ್ಕೂ ಮಿಗಿಲಾಗಿ ಹಳೆಯವು. ಭೂಮಿಯ ಹೊರಕವಚ ಇಲ್ಲಿ ದಪ್ಪವಾಗಿಯೂ ತಣ್ಣಗಾಗಿಯೂ ಇದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ದಶಕಗಳಿಂದ ಕೊಳವೆಬಾವಿಗಳಲ್ಲಿ ಉಷ್ಣಮಾಪಕಗಳನ್ನು ಇಳಿಸಿ ಈ ನೆಲದ ಶಾಖವನ್ನು ಅಳೆದಿದ್ದಾರೆ. ಖಂಡಗಳ ನೆಲದಿಂದ ಸರಾಸರಿ ಒಂದು ಚದರ ಮೀಟರಿಗೆ 65 ಮಿಲಿವ್ಯಾಟಿನಷ್ಟು ಶಾಖ ಹೊರಬಿದ್ದರೆ, ಈ ಧಾರವಾಡ ಶಿಲಾಸಮೂಹದ ಪ್ರದೇಶದಲ್ಲಿ 30-40 ಮಿಲಿವ್ಯಾಟಿನ ಆಸುಪಾಸಿನಲ್ಲಿದೆ. ಮಿಲಿವ್ಯಾಟೆಂದರೆ ವ್ಯಾಟಿನ ಸಾವಿರದಲ್ಲೊಂದು ಭಾಗ. ಒಂದು ಎಕರೆಗೆ ಸುಮಾರು 4,000 ಚದರ ಮೀಟರು. ಗುಣಿಸಿ ನೋಡಿದರೆ, ಮಕ್ತಲಿನಲ್ಲಿ ಒಂದು ಎಕರೆ ಹೊಲದ ಕೆಳಗಿನಿಂದ ಏರಿ ಬರುವ ಒಟ್ಟು ಶಾಖ 150 ವ್ಯಾಟಿನಷ್ಟು. ಹಳೆಯ ಕಾಲದ ಒಂದೂವರೆ ದೊಡ್ಡ ಬಲ್ಬಿನಷ್ಟು. ಅದೇ ಎಕರೆಯ ಮೇಲೆ ಚೈತ್ರದ ನಡುಹಗಲಿನ ಸೂರ್ಯ ಸುರಿಯುವುದು ಅದರ ಸಾವಿರಾರು ಪಟ್ಟು.

ಹಾಗಾದರೆ ಬೋರಿನ ನೀರು ಬೆಚ್ಚಗೆ ಬರುವುದೇಕೆ? ನೆಲದ ಕೆಳಗೆ ಮೂವತ್ತು ನಾಲ್ವತ್ತು ಅಡಿ ಇಳಿದ ಮೇಲೆ ಚಳಿಗಾಲ ಬೇಸಗೆಗಳೆಂಬ ಭೇದವಿಲ್ಲ. ವರ್ಷದ ಸರಾಸರಿ ಉಷ್ಣತೆಯೇ, ಎಂದರೆ ನಮ್ಮ ಕಡೆ 27-28 ಡಿಗ್ರಿಯೇ, ಅಲ್ಲಿ ಸದಾಕಾಲ ಇರುತ್ತದೆ. ಸಾವಿರ ಅಡಿಯ ಬೋರಿನಲ್ಲಿ ಇದಕ್ಕೆ ನಾಲ್ಕು ಡಿಗ್ರಿ ಸೇರಬಹುದು. ಸಂಕ್ರಾಂತಿಯ ಬೆಳಗಿನಲ್ಲಿ ಹೊರಗಿನ ಗಾಳಿ 15 ಡಿಗ್ರಿಯಿರುವಾಗ ಆ ನೀರು ಕೈಗೆ ಬೆಚ್ಚಗೆ ತಾಗುತ್ತದೆ. ಹೊರಗೆ 42 ಡಿಗ್ರಿಯಿರುವಾಗ ಅದೇ ನೀರು ತಂಪು. ನೀರು ಬದಲಾಗಲಿಲ್ಲ, ನಮ್ಮ ಮೈ ಬದಲಾಯಿತು. ಮೋಟಾರಿನ ಶಾಖವೂ ಬಿಸಿಲಲ್ಲಿ ಕಾದ ಪೈಪಿನ ಶಾಖವೂ ಸೇರಿ ಕೆಲವೊಮ್ಮೆ ಇನ್ನಷ್ಟು ಮೋಸಗೊಳಿಸುತ್ತವೆ. ಈ ಲೆಕ್ಕದ ಪ್ರಕಾರ 65 ಡಿಗ್ರಿಯ ಬಂಡೆ ಬೇಕೆಂದರೆ ನಾವು ಹತ್ತಿರ ಹತ್ತಿರ ಮೂರು ಕಿಲೋಮೀಟರ್ ಕೊರೆಯಬೇಕು. ಅಷ್ಟು ಆಳದ ಕಣಶಿಲೆಯಲ್ಲಿ ನೀರು ಸಿಗುವ ಭರವಸೆಯೂ ಇಲ್ಲ. ಆದುದರಿಂದ ಕರೆಂಟಿನ ಆಸೆಗೆ ಬೋರನ್ನು ಆಳಗೊಳಿಸುವ ಮಾತು ಯಾರೇ ಆಡಿದರೂ, ಅವರು ಲಾರಿಯವರೇ ಆಗಿರಲಿ ಏಜೆಂಟರೇ ಆಗಿರಲಿ, ನಮ್ಮ ರೈತರು ಒಂದು ಪೈಸೆಯನ್ನೂ ಕೊಡಬಾರದೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಇಷ್ಟಾದರೂ ನಮ್ಮ ದೇಶದಲ್ಲಿ ಬಿಸಿನೀರಿನ ಬುಗ್ಗೆಗಳಿಗೆ ಬರವಿಲ್ಲ. ಭೂಮಿಯ ಪದರಗಳಲ್ಲಿ ಬಿರುಕುಗಳಿರುವ ಕಡೆ ಮಳೆಯ ನೀರು ಬಹಳ ಆಳಕ್ಕಿಳಿದು, ಕಾದು, ಇನ್ನೊಂದು ಬಿರುಕಿನಿಂದ ಬೇಗನೆ ಮೇಲೇರಿ ಬರುತ್ತದೆ. ಬೇಗನೆ ಏರುವುದೇ ಮುಖ್ಯ. ನಿಧಾನವಾದರೆ ದಾರಿಯಲ್ಲಿ ತಣ್ಣಗಾಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಇಂಥ 381 ತಾಣಗಳನ್ನು ಗುರುತಿಸಿದೆ. ದೇಶದ ಒಟ್ಟು ಭೂಶಾಖ ಸಾಮರ್ಥ್ಯವನ್ನು 10,600 ಮೆಗಾವ್ಯಾಟ್ ಎಂದು ಅಂದಾಜು ಮಾಡಿದೆ. ಕರ್ನಾಟಕದಲ್ಲಿ ದಕ್ಷಿಣ ಕನ್ನಡದ ಪುತ್ತೂರಿನ ಬಳಿ ಇರ್ದೆಯಲ್ಲಿ ಬೆಂದ್ರುತೀರ್ಥವಿದೆ. ತುಳುವಿನಲ್ಲಿ ಬಿಸಿನೀರಿಗೆ ಬೆಂದ್ರ್ ಎನ್ನುತ್ತಾರೆ. ಆದರೆ ಅಲ್ಲಿಯ ನೀರಿನ ಬಿಸಿ ಮೈಬಿಸಿಯನ್ನು ಬಹಳ ಮೀರಿದ್ದಲ್ಲ, ಸ್ನಾನಕ್ಕೆ ಹಿತವಾದದ್ದು. ಹಿಮಾಚಲದ ಮಣಿಕರಣದಲ್ಲಿ ಪಾರ್ವತೀ ನದಿಯ ದಡದ ಬುಗ್ಗೆಗಳು ಕುದಿಯುವಷ್ಟು ಬಿಸಿ. ಅಲ್ಲಿಯ ಗುರುದ್ವಾರದ ಪ್ರಸಾದದ ಅನ್ನ ಅದರಲ್ಲಿಯೇ ಬೇಯುತ್ತದೆ. ಕನ್ನಡಿಗರು ಅಭಿಮಾನದಿಂದ ನೆನೆಯಬೇಕಾದ ಸಂಗತಿಯೆಂದರೆ, ಮಣಿಕರಣದಲ್ಲಿ ಪ್ರಯೋಗಕ್ಕಾಗಿ ನಿಲ್ಲಿಸಿದ 5 ಕಿಲೋವ್ಯಾಟಿನ ಭೂಶಾಖ ವಿದ್ಯುತ್ ಯಂತ್ರವನ್ನು ರೂಪಿಸಿದವರು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು. ವಿಮಾನದ ವಿಜ್ಞಾನಿಗಳಿಗೆ ನೆಲದಾಳದ ಚಿಂತೆಯೇಕೆಂದು ಕೇಳಬೇಡಿ. ಟರ್ಬೈನಿನ ವಿದ್ಯೆ ಎರಡಕ್ಕೂ ಒಂದೇ. ಅದೇ ಊರಿನಲ್ಲಿ ದಿಲ್ಲಿಯ ಐ.ಐ.ಟಿ.ಯವರು ಬಿಸಿನೀರಿನಿಂದಲೇ ನಡೆಯುವ, ಏಳೂವರೆ ಟನ್ನಿನ ಶೀತಲಗೃಹವನ್ನು ಪ್ರಯೋಗಕ್ಕಾಗಿ ಕಟ್ಟಿದ್ದರು. ಬಿಸಿಯಿಂದ ತಂಪು ಹೇಗೆಂಬ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮ ತೆಲಂಗಾಣದಲ್ಲಿ ಈ ಕೆಲಸ ನಡೆದಿರುವುದು ರಾಜ್ಯದ ಇನ್ನೊಂದು ತುದಿಯಲ್ಲಿ, ಗೋದಾವರಿಯ ಕಣಿವೆಯಲ್ಲಿ. ಭದ್ರಾದ್ರಿ ಕೊತ್ತಗೂಡೆಂ ಜಿಲ್ಲೆಯ ಮಣುಗೂರು ಕಲ್ಲಿದ್ದಲಿನ ಊರು. ಅಲ್ಲಿಯ ನೆಲ ನಮ್ಮದರಂತೆ ಇಡಿಯಾದ ಬಂಡೆಯಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಎರಡು ಬಿರುಕುಗಳ ನಡುವೆ ಕುಸಿದು, ಮರಳುಗಲ್ಲು ಮತ್ತು ಇದ್ದಿಲಿನ ಪದರಗಳಿಂದ ತುಂಬಿಕೊಂಡ ಕಣಿವೆ. ನೆಲದಿಂದ ಬರುವ ಶಾಖ ಅಲ್ಲಿ ಕೆಲವು ಕಡೆ ನಮ್ಮಲ್ಲಿಯದರ ಎರಡು ಪಟ್ಟಿದೆ. ಮಣುಗೂರಿನ ಸಮೀಪದ ಪಗಿಡೇರು ಗ್ರಾಮದಲ್ಲಿ ಇದ್ದಿಲಿನ ಶೋಧಕ್ಕೆಂದು ಕೊರೆದ ಬಾವಿಯಿಂದ ಬಿಸಿನೀರು ಪಂಪಿನ ಹಂಗಿಲ್ಲದೆ ತಾನಾಗಿ ಮೇಲೆ ಬರತೊಡಗಿತು. 2020ರ ದಶಕದ ಆರಂಭದಲ್ಲಿ ಸಿಂಗರೇಣಿ ಕಲ್ಲಿದ್ದಲು ಸಂಸ್ಥೆಯವರು ದಿಲ್ಲಿಯ ಶ್ರೀರಾಮ ಔದ್ಯೋಗಿಕ ಸಂಶೋಧನಾ ಸಂಸ್ಥೆಯ ಸಹಕಾರದಿಂದ ಅಲ್ಲಿ 20 ಕಿಲೋವ್ಯಾಟಿನ ಪ್ರಾಯೋಗಿಕ ವಿದ್ಯುತ್ ಘಟಕವನ್ನು ಸ್ಥಾಪಿಸಿದರು. ಇಪ್ಪತ್ತು ಕಿಲೋವ್ಯಾಟೆಂದರೆ ಐದು ಅಶ್ವಶಕ್ತಿಯ ನಾಲ್ಕು ಪಂಪುಗಳಿಗೆ ಆಗುವಷ್ಟು. ಇದ್ದಿಲನ್ನು ಅಗೆಯುವ ಸಂಸ್ಥೆಯೇ ಇದ್ದಿಲಿಲ್ಲದ ವಿದ್ಯುತ್ತನ್ನು ಪರೀಕ್ಷಿಸಿದ್ದು ಮೆಚ್ಚತಕ್ಕದ್ದು.

ಕುದಿಯದ ನೀರಿನಿಂದ ಚಕ್ರ ತಿರುಗುವುದು ಹೇಗೆ? ಉಪಾಯ ಇಷ್ಟೇ: ನೀರು ಕುದಿಯದಿದ್ದರೆ, ಬೇಗ ಕುದಿಯುವ ಬೇರೊಂದು ದ್ರವವನ್ನು ತಂದರಾಯಿತು. ಫ್ರಿಜ್ಜಿನ ಕೊಳವೆಗಳಲ್ಲಿ ಓಡಾಡುವ ದ್ರವ, ಐಸೊಬ್ಯೂಟೇನ್ ಮೊದಲಾದವು ಬಹಳ ಕಡಿಮೆ ಬಿಸಿಗೇ ಆವಿಯಾಗುತ್ತವೆ. ಬುಗ್ಗೆಯ ಬಿಸಿನೀರು ಒಂದು ಕೊಳವೆಯಲ್ಲಿ ಹರಿಯುತ್ತದೆ, ಈ ದ್ರವ ಅದಕ್ಕೆ ತಾಗಿದ ಇನ್ನೊಂದು ಕೊಳವೆಯಲ್ಲಿ. ನೀರಿನ ಶಾಖವನ್ನು ಹೀರಿ ದ್ರವ ಆವಿಯಾಗಿ, ಒತ್ತಡದಿಂದ ಟರ್ಬೈನನ್ನು ತಿರುಗಿಸಿ, ತಣ್ಣೀರಿನ ಅಥವಾ ಗಾಳಿಯ ಸಂಪರ್ಕದಿಂದ ಮತ್ತೆ ದ್ರವವಾಗಿ ಮೊದಲಿನ ಸ್ಥಳಕ್ಕೆ ಬರುತ್ತದೆ. ಎರಡು ನೀರೂ ಎಂದೂ ಬೆರೆಯುವುದಿಲ್ಲ, ದ್ರವ ಖರ್ಚಾಗುವುದಿಲ್ಲ. ಫ್ರಿಜ್ಜಿನಲ್ಲಿ ವಿದ್ಯುತ್ತು ಕೊಟ್ಟು ಬಿಸಿ-ತಂಪುಗಳ ಅಂತರವನ್ನು ಉಂಟುಮಾಡುತ್ತೇವೆ. ಇಲ್ಲಿ ಅಂತರವನ್ನು ಕೊಟ್ಟು ವಿದ್ಯುತ್ತನ್ನು ಪಡೆಯುತ್ತೇವೆ. ಇದು ಹೋಲಿಕೆಯ ಮಾತಷ್ಟೇ ಅಲ್ಲ. ಅಲಾಸ್ಕದ ಚೀನಾ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ (ಇದು ಚೀನ ದೇಶವಲ್ಲ, ಅಮೆರಿಕದ ಒಂದು ಹಳ್ಳಿ) 2006ರಲ್ಲಿ 74 ಡಿಗ್ರಿಯ ನೀರಿನಿಂದ ವಿದ್ಯುತ್ತು ತೆಗೆದ ಯಂತ್ರವನ್ನು ದೊಡ್ಡ ಕಟ್ಟಡಗಳ ಹವಾನಿಯಂತ್ರಣ ಯಂತ್ರವನ್ನೇ ತಿರುವುಮುರುವಾಗಿಸಿ ಮಾಡಿದ್ದರು. ತಲಾ 200 ಕಿಲೋವ್ಯಾಟಿನ ಎರಡು ಯಂತ್ರಗಳನ್ನು ಮೊದಲು ನಿಲ್ಲಿಸಿದರು. ಅದೇ ಬಿಸಿನೀರು ಅಲ್ಲಿಯ ಮನೆಗಳನ್ನೂ, ಹಿಮದ ನಡುವೆ ತರಕಾರಿ ಬೆಳೆಯುವ ಗಾಜಿನ ಮನೆಯನ್ನೂ ಬೆಚ್ಚಗಿಡುತ್ತದೆ.

ಈಗ ಲೆಕ್ಕದ ಮುಖ್ಯ ಭಾಗ. ಶಾಖದಿಂದ ಚಲನೆಯನ್ನು ಪಡೆಯುವ ಯಾವ ಯಂತ್ರಕ್ಕೂ ಪ್ರಕೃತಿ ಒಂದು ಮಿತಿಯನ್ನು ಹಾಕಿದೆ. ಫ್ರಾನ್ಸಿನ ಸಾದಿ ಕಾರ್ನೊ 1824ರಲ್ಲಿ ಇದರ ತತ್ವವನ್ನು ತೋರಿಸಿಕೊಟ್ಟ. ಬಿಸಿಗೂ ತಂಪಿಗೂ ಇರುವ ಅಂತರವನ್ನು, ಬಿಸಿಯ ನಿರಪೇಕ್ಷ ಉಷ್ಣತೆಯಿಂದ ಭಾಗಿಸಿದಾಗ ಬರುವ ಪಾಲಿಗಿಂತ ಹೆಚ್ಚು ವಿದ್ಯುತ್ತನ್ನು ಯಾವ ಜಾಣನೂ ತೆಗೆಯಲಾರ. ನೀರು 65 ಡಿಗ್ರಿ, ಹೊರಗಿನ ಗಾಳಿ 30 ಡಿಗ್ರಿ ಎಂದಿಟ್ಟುಕೊಳ್ಳಿ. ಅಂತರ 35. ನಿರಪೇಕ್ಷ ಉಷ್ಣತೆಗಾಗಿ 65ಕ್ಕೆ 273 ಕೂಡಿಸಿದರೆ 338. ಮೂವತ್ತೈದನ್ನು ಅದರಿಂದ ಭಾಗಿಸಿದರೆ ನೂರಕ್ಕೆ ಹತ್ತು. ನಿಜವಾದ ಯಂತ್ರ ಇದರ ಅರ್ಧವನ್ನು ಮುಟ್ಟಿದರೆ ಅದೃಷ್ಟ. ನೂರಕ್ಕೆ ನಾಲ್ಕೆಂದೇ ಹಿಡಿಯೋಣ. ಅಲಾಸ್ಕದಲ್ಲಿ ನೂರಕ್ಕೆ ಎಂಟು ದೊರಕಿತು. ಅಲ್ಲಿಯ ತಣ್ಣೀರು ಮಂಜುಗಡ್ಡೆಗೆ ಸಮೀಪದ್ದು. ನಮ್ಮ ಸೆಕೆಯ ನಾಡಿಗೆ ಆ ಭಾಗ್ಯವಿಲ್ಲ.

ನೂರಕ್ಕೆ ನಾಲ್ಕರಂತೆ 20 ಕಿಲೋವ್ಯಾಟ್ ವಿದ್ಯುತ್ತಿಗೆ 500 ಕಿಲೋವ್ಯಾಟ್ ಶಾಖ ಬೇಕು. ಒಂದು ಲೀಟರು ನೀರು ಒಂದು ಡಿಗ್ರಿ ತಣ್ಣಗಾದಾಗ 4.2 ಕಿಲೋಜೂಲ್ ಶಾಖವನ್ನು ಬಿಟ್ಟುಕೊಡುತ್ತದೆ. ಸೆಕೆಂಡಿಗೆ 8 ಲೀಟರಿನಂತೆ ಹರಿಯುವ ನೀರು 65ರಿಂದ 50 ಡಿಗ್ರಿಗೆ ಇಳಿದರೆ ಈ 500 ಕಿಲೋವ್ಯಾಟ್ ಸಿಗುತ್ತದೆ. (ಇದು ನನ್ನ ಕರಿಹಲಗೆಯ ಲೆಕ್ಕ, ಪಗಿಡೇರಿನ ಯಂತ್ರದ ಅಳತೆಯಲ್ಲ.) ಯಂತ್ರದಿಂದ ಹೊರಬಿದ್ದ ಆ ನೀರು ಇನ್ನೂ 50 ಡಿಗ್ರಿಯಿದೆ. ಅದನ್ನು ಹಳ್ಳಕ್ಕೆ ಬಿಟ್ಟರೆ ಕೋಡೊಲೆಯಿಲ್ಲದ ಒಲೆಯಾಯಿತು. ಬಿಡದೆ, ಕೊಳವೆಗಳ ಮೂಲಕ ಗಾಳಿಯನ್ನು ಕಾಯಿಸಲು ಬಳಸಿ 40 ಡಿಗ್ರಿಯವರೆಗೆ ಇಳಿಸಿದೆವೆನ್ನಿ. 8 ಲೀಟರು, 10 ಡಿಗ್ರಿ, 4.2, ಗುಣಿಸಿದರೆ 336 ಕಿಲೋವ್ಯಾಟ್. ವಿದ್ಯುತ್ತಿನ ಹದಿನಾರು ಪಟ್ಟಿಗಿಂತ ಹೆಚ್ಚು! ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು ಇದೇ. ಸಣ್ಣ ಪ್ರಮಾಣದ, ಕಡಿಮೆ ಬಿಸಿಯ ಭೂಶಾಖದಲ್ಲಿ ವಿದ್ಯುತ್ತು ಮೇಲಿನ ಕೆನೆ ಮಾತ್ರ, ಹಾಲೆಲ್ಲ ಶಾಖದಲ್ಲಿದೆ. ಪತ್ರಿಕೆಗಳು ಕಿಲೋವ್ಯಾಟನ್ನು ಮಾತ್ರ ಎಣಿಸಿ ‘ಇಷ್ಟೇ?’ ಎನ್ನುವುದು ಕೋಡೊಲೆಯ ಗಡಿಗೆಯನ್ನು ಲೆಕ್ಕಕ್ಕೆ ಹಿಡಿಯದೆ ಅಡಿಗೆಯನ್ನು ಅಳೆದಂತೆ.

ಇತಿಹಾಸವೂ ಇದನ್ನೇ ಹೇಳುತ್ತದೆ. ಇಟಲಿಯ ಲಾರ್ಡೆರೆಲ್ಲೊದಲ್ಲಿ 1904ರ ಜುಲೈ 4ರಂದು ಪಿಯೆರೊ ಜಿನೋರಿ ಕೊಂಟಿ ಎಂಬ ಶ್ರೀಮಂತನು ನೆಲದಿಂದ ಚಿಮ್ಮುವ ಹಬೆಯಿಂದ ಐದು ದೀಪಗಳನ್ನು ಹೊತ್ತಿಸಿದನು. ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿದು ಆಗಲೇ ಎರಡು ವರ್ಷವಾಗಿತ್ತು. ಆದರೆ ಆ ಐದು ದೀಪಗಳಿಗೂ ಬಹಳ ಮೊದಲೇ, ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಿಂದಲೇ, ಅಲ್ಲಿಯವರು ಅದೇ ನೆಲದ ಶಾಖದಿಂದ ನೀರನ್ನು ಇಂಗಿಸಿ ಬೋರಿಕ್ ಆಮ್ಲವನ್ನು ತಯಾರಿಸುತ್ತಿದ್ದರು. ಐಸ್‌ಲೆಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಬುಗ್ಗೆಗಳ ಬಳಿ ಬಾವಿ ಕೊರೆದು, 1930ರಲ್ಲಿ ಮೂರು ಕಿಲೋಮೀಟರ್ ಕೊಳವೆ ಹಾಕಿ ಬಿಸಿನೀರನ್ನು ಊರಿಗೆ ತಂದರು. ಅದು ಮೊದಲು ಹೋಗಿ ಮುಟ್ಟಿದ ಕಟ್ಟಡಗಳಲ್ಲಿ ಒಂದು ಪ್ರಾಥಮಿಕ ಶಾಲೆ. ಶಾಲೆಯ ಸಂಚಿಕೆಯಲ್ಲಿ ಈ ಸಂಗತಿಯನ್ನು ಬರೆಯುವಾಗ ನನಗೆ ಸಂತೋಷವಾಗುತ್ತದೆ. ವಿದ್ಯುತ್ತನ್ನೂ ಬಿಸಿನೀರನ್ನೂ ಒಟ್ಟಿಗೆ ಕೊಡುವ ಸ್ವಾರ್ಟ್ಸೆಂಗಿ ಕೇಂದ್ರ ಆ ದೇಶದಲ್ಲಿ ಬಂದದ್ದು 1970ರ ದಶಕದ ಉತ್ತರಾರ್ಧದಲ್ಲಿ. ಜರ್ಮನಿಯ ನಾಯ್‌ಸ್ಟಾಟ್-ಗ್ಲೆವೆ ಎಂಬ ಪಟ್ಟಣದ ಕಥೆ ಇನ್ನೂ ಬೋಧಪ್ರದ. ಎರಡು ಕಿಲೋಮೀಟರಿಗೂ ಆಳದ, ನೂರು ಡಿಗ್ರಿಗೆ ಸಮೀಪದ ನೀರಿನಿಂದ 1995ರಲ್ಲಿ ಮನೆಗಳನ್ನು ಬೆಚ್ಚಗಾಗಿಸಲು ಆರಂಭಿಸಿದರು. 2003ರಲ್ಲಿ ಸುಮಾರು 200 ಕಿಲೋವ್ಯಾಟಿನ ವಿದ್ಯುತ್ ಯಂತ್ರವನ್ನು ಸೇರಿಸಿದರು. ಕೆಲವು ವರ್ಷಗಳ ಬಳಿಕ ವಿದ್ಯುತ್ತು ನಿಂತಿತು, ಬಿಸಿನೀರು ಮುಂದುವರಿಯಿತು.

“ಅವೆಲ್ಲ ಚಳಿಯ ದೇಶಗಳು, ಏಪ್ರಿಲಿನಲ್ಲಿ ಬೇಯುವ ನಮಗೆ ಶಾಖವೇಕೆ?” ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಥಾಯ್ಲೆಂಡನ್ನು ನೋಡಬೇಕು. ಅಲ್ಲಿಯ ಫಾಂಗ್ ಎಂಬಲ್ಲಿ 1989ರಿಂದ 300 ಕಿಲೋವ್ಯಾಟಿನ ಘಟಕವೊಂದು ಕೆಲಸ ಮಾಡಿದೆ. ಯಂತ್ರದಿಂದ ಹೊರಬಂದ ನೀರು ಸುಮಾರು 77 ಡಿಗ್ರಿ. ಅದನ್ನು ಬೆಳೆ ಒಣಗಿಸಲೂ, ಶೀತಲಗೃಹಕ್ಕೂ, ಸ್ನಾನಗೃಹಗಳಿಗೂ ಬಳಸಿದರು. ಬಿಸಿಯಿಂದ ತಂಪು ಹುಟ್ಟುವುದು ವಿಚಿತ್ರವೆನಿಸಿದರೂ ಸತ್ಯ. ಅಮೋನಿಯ ಅನಿಲ ನೀರಿನಲ್ಲಿ ಬಹಳ ಕರಗುತ್ತದೆ. ಆ ದ್ರಾವಣವನ್ನು ಕಾಯಿಸಿದರೆ ಅನಿಲ ಒತ್ತಡದಿಂದ ಹೊರಬರುತ್ತದೆ, ತಣಿಸಿದರೆ ದ್ರವವಾಗುತ್ತದೆ, ಒತ್ತಡ ಇಳಿಸಿದರೆ ಆವಿಯಾಗುತ್ತ ಸುತ್ತಲಿನ ಶಾಖವನ್ನು ಹೀರಿ ತಂಪು ಮಾಡುತ್ತದೆ. ಬಳಿಕ ಪುನಃ ನೀರಿನಲ್ಲಿ ಕರಗುತ್ತದೆ. ಮಣಿಕರಣದ ಶೀತಲಗೃಹದ ಗುಟ್ಟು ಇದೇ. ಆದರೆ ಇದಕ್ಕೆ 80-90 ಡಿಗ್ರಿಯ ನೀರಾದರೆ ಒಳ್ಳೆಯದು. 50 ಡಿಗ್ರಿಯಲ್ಲಿ ಆಗದ ಮಾತು.

ಐವತ್ತು ಡಿಗ್ರಿಯಲ್ಲಿ ಆಗುವುದು ಒಣಗಿಸುವ ಕೆಲಸ. ಖಮ್ಮಂ, ಕೊತ್ತಗೂಡೆಂ ಸೀಮೆ ಮೆಣಸಿನಕಾಯಿಗೆ ಹೆಸರಾದದ್ದು. ಕಣದಲ್ಲಿ ಹರಡಿದ ಕಾಯಿಗೆ ಅಕಾಲದ ಮಳೆ ಬಿದ್ದರೆ ಬಣ್ಣ ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ, ಮಾರುಕಟ್ಟೆಯಲ್ಲಿ ದರ ಅರ್ಧವಾಗುತ್ತದೆ. ಇದನ್ನು ಗದ್ವಾಲ, ಅಲಂಪುರದ ಕಡೆ ಮೆಣಸಿನಕಾಯಿ ಬೆಳೆಯುವ ನಮ್ಮವರಿಗೆ ನಾನು ಹೇಳಬೇಕಾಗಿಲ್ಲ. ಮೇಲಿನ ಲೆಕ್ಕದ 336 ಕಿಲೋವ್ಯಾಟ್ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯೊಡನೆ ಹೋಯಿತೆಂದರೂ, ಗಂಟೆಗೆ ಎರಡು ಕ್ವಿಂಟಾಲಿನಷ್ಟು ಹಸಿ ಮೆಣಸಿನಕಾಯಿಯ ತೇವವನ್ನು ಅದು ತೆಗೆಯಬಲ್ಲದು. ಹಗಲೂ ರಾತ್ರಿಯೂ, ಮೋಡವಿದ್ದರೂ. ಬಿಸಿಗಾಳಿಯನ್ನು ನೂಕುವ ಪಂಖಕ್ಕೆ ಬೇಕಾದ ವಿದ್ಯುತ್ತು ಆ 20 ಕಿಲೋವ್ಯಾಟಿನಲ್ಲಿಯೇ ದೊರೆಯುತ್ತದೆ. ನಾಲ್ಕು ಪಂಪಿನ ವಿದ್ಯುತ್ತಿಗಾಗಿ ಅಷ್ಟು ದೊಡ್ಡ ಪ್ರಯತ್ನವೇಕೆಂದು ಕೇಳುವವರಿಗೆ, ಪಗಿಡೇರಿನಂಥ ತಾಣದಲ್ಲಿ ಒಂದು ಒಣಗಿಸುವ ಕೋಣೆಯನ್ನು ಕಟ್ಟಿ ತೋರಿಸುವುದೇ ಸರಿಯಾದ ಉತ್ತರವೆಂದು ನನಗೆ ತೋರುತ್ತದೆ.

ಚಳಿಯ ಸೀಮೆಯೂ ನಮ್ಮ ದೇಶದಲ್ಲಿಲ್ಲವೆಂದಲ್ಲ. ಲಡಾಖಿನ ಪುಗಾ ಕಣಿವೆ ಸಮುದ್ರಮಟ್ಟದಿಂದ 14,000 ಅಡಿಗೂ ಎತ್ತರದಲ್ಲಿದೆ. ಅಲ್ಲಿ 1970ರ ದಶಕದಲ್ಲಿಯೇ ಬಾವಿಗಳನ್ನು ಕೊರೆದು, ಬಿಸಿನೀರಿನಿಂದ ಕೋಣೆ ಬೆಚ್ಚಗಿಡುವ, ಬೊರಾಕ್ಸನ್ನು ಶುದ್ಧೀಕರಿಸುವ ಪ್ರಯೋಗಗಳು ನಡೆದಿದ್ದವು. 2021ರ ಫೆಬ್ರವರಿಯಲ್ಲಿ ತೈಲ ಮತ್ತು ಅನಿಲ ನಿಗಮದ ಇಂಧನ ಕೇಂದ್ರವು ಲಡಾಖಿನ ಆಡಳಿತದೊಡನೆ ಮೊದಲ ಹಂತದಲ್ಲಿ ಒಂದು ಮೆಗಾವ್ಯಾಟಿನ ಕೇಂದ್ರಕ್ಕಾಗಿ ಒಪ್ಪಂದ ಮಾಡಿಕೊಂಡಿತು. ವಿದ್ಯುತ್ತಿಗಿಂತ ಬೆಚ್ಚನೆಯ ಕೋಣೆಗೆ ಅಲ್ಲಿ ಬೆಲೆ ಹೆಚ್ಚು.

ತೊಡಕುಗಳೂ ಇವೆ. ಆಳದ ನೀರು ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಅದು ಕೊಳವೆಗಳ ಒಳಗೆ, ನಮ್ಮ ಬಚ್ಚಲ ಹಂಡೆಯಲ್ಲಿ ಕಟ್ಟುವ ಸುಣ್ಣದಂತೆ, ಪದರವಾಗಿ ಕಟ್ಟುತ್ತದೆ. ಹೊಲಕ್ಕೆ ಬಿಟ್ಟರೆ ಮಣ್ಣು ಕೆಡಬಹುದು. ಆದ್ದರಿಂದ ಕೆಲಸ ಮುಗಿದ ನೀರನ್ನು ಇನ್ನೊಂದು ಬಾವಿಯ ಮೂಲಕ ನೆಲಕ್ಕೇ ಹಿಂದಿರುಗಿಸುವುದು ಒಳ್ಳೆಯ ಪದ್ಧತಿ. ಇದರಿಂದ ಒಳಗಿನ ಒತ್ತಡವೂ ಉಳಿಯುತ್ತದೆ. ಆದರೆ ಎರಡನೆಯ ಬಾವಿಗೆ ಎರಡನೆಯ ಖರ್ಚು. ಕೊರೆಯುವ ವೆಚ್ಚವೇ ಈ ಉದ್ಯಮದ ಬೆನ್ನುಮೂಳೆ ಮುರಿಯುವಂಥದು. ಪಗಿಡೇರಿನಲ್ಲಿ ಇದ್ದಿಲಿಗಾಗಿ ಬಾವಿ ಮೊದಲೇ ಸಿದ್ಧವಿತ್ತೆಂಬುದನ್ನು ಮರೆಯಬಾರದು. ಬರಿದಾದ ಎಣ್ಣೆಬಾವಿಗಳನ್ನು ಈ ಕೆಲಸಕ್ಕೆ ಮರುಬಳಸುವ ಮಾತು 2025ರ ನೀತಿಯಲ್ಲಿ ಬಂದಿರುವುದು ಇದೇ ಕಾರಣಕ್ಕಾಗಿ.

ನಮ್ಮ ಮೂರು ಊರುಗಳಿಗೆ ಉಳಿದದ್ದೇನು? ನೆಲದಡಿಯ ಬಿಸಿ ನಮಗಿಲ್ಲ. ಕೋಡೊಲೆಯ ವಿದ್ಯೆ ಇದೆ. ನಾರಾಯಣಪೇಟೆಯ ಸೀರೆಗಳಿಗಾಗಿ ನೂಲಿಗೆ ಬಣ್ಣ ಹಾಕುವವರು ದಿನವೂ ನೀರು ಕಾಯಿಸುತ್ತಾರೆ. ಅವರ ಒಲೆಯ ಹೊಗೆದಾರಿಗೆ ಒಂದು ತಾಮ್ರದ ಸುರುಳಿ ಸುತ್ತಿದರೆ ಮುಂದಿನ ಹಂಡೆಯ ನೀರು ಅರ್ಧ ಕಾದಿರುತ್ತದೆ. ಕುಸುಬಲಕ್ಕಿ ಮಾಡುವ ಗಿರಣಿಗಳಲ್ಲಿ ಭತ್ತ ನೆನೆಸುವ ನೀರಿಗೂ ಹೊಟ್ಟಿನ ಬಾಯ್ಲರಿನಿಂದ ಹೊರಹೋಗುವ ಶಾಖ ಸಾಕು. ಇಂಥವುಗಳಿಗೆ ನೀತಿಯೂ ಬೇಡ, ಸಬ್ಸಿಡಿಯೂ ಬೇಡ. ತಿಳಿದ ಮಿಸ್ತ್ರಿ ಒಬ್ಬನು ಬೇಕು. ಎಂಜಿನಿಯರಿಂಗ್ ಓದಿದ ನಮ್ಮ ಹಳೆಯ ವಿದ್ಯಾರ್ಥಿಗಳು ರಜೆಗೆ ಊರಿಗೆ ಬಂದಾಗ ಒಂದು ದಿನ ಬಣ್ಣದ ಒಲೆಯ ಮುಂದೆ ಕುಳಿತು ನೋಡಿದರೆ ಕೆಲಸವಾದೀತು.

ಈಗ ಓದುತ್ತಿರುವ ಮಕ್ಕಳಿಗೂ ಒಂದು ಕೆಲಸವನ್ನು ಸೂಚಿಸುತ್ತೇನೆ. ಪ್ರಯೋಗಶಾಲೆಯ ನೂರು ಡಿಗ್ರಿಯ ಉಷ್ಣಮಾಪಕವೊಂದು ಸಾಕು. ಪ್ರತಿ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಬೋರಿನ ಮೋಟಾರನ್ನು ಹದಿನೈದು ನಿಮಿಷ ಓಡಿಸಿ, ನೀರನ್ನು ನೆರಳಿನಲ್ಲಿಟ್ಟ ಬಕೀಟಿಗೆ ಹಿಡಿದು ಉಷ್ಣತೆಯನ್ನು ನೋಡಬೇಕು; ಅದೇ ಹೊತ್ತಿನ ಗಾಳಿಯ ಉಷ್ಣತೆಯನ್ನೂ ಬರೆಯಬೇಕು. ವರ್ಷದ ಕೊನೆಗೆ ನಕ್ಷೆಯ ಹಾಳೆಯಲ್ಲಿ ಎರಡು ಗೆರೆ ಎಳೆದರೆ, ಗಾಳಿಯ ಗೆರೆ ಏರಿ ಇಳಿದು, ನೀರಿನ ಗೆರೆ ಬಹುತೇಕ ಸಮವಾಗಿ ಸಾಗುವುದು ಕಾಣುತ್ತದೆ. ನಾರಾಯಣಪೇಟೆಯಲ್ಲೊಂದು, ಮಕ್ತಲಿನಲ್ಲೊಂದು, ಗದ್ವಾಲದಲ್ಲೊಂದು ಬೋರನ್ನು ಹೀಗೆ ನೋಡಿದರೆ ಇನ್ನೂ ಚೆನ್ನ. ಯಾವುದಾದರೂ ಬೋರಿನ ನೀರು ವರ್ಷವಿಡೀ 35 ಡಿಗ್ರಿಗಿಂತ ಮೇಲಿದ್ದರೆ, ಅದರ ಆಳ, ಮೋಟಾರು ಇಳಿಸಿರುವ ಆಳ, ನೀರಿನ ರುಚಿ ಈ ಮೂರನ್ನೂ ಬರೆದು ಹೈದರಾಬಾದಿನಲ್ಲಿರುವ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಕಚೇರಿಗೆ ಒಂದು ಪತ್ರ ಹಾಕಬೇಕು. ಪತ್ರದ ಒಂದು ಪ್ರತಿಯನ್ನು ಶಾಲೆಯ ದಾಖಲೆಯಲ್ಲಿ ಇಡುವುದನ್ನು ಮರೆಯಬಾರದು.